ಲೋಕಾಂತ್ಯದ ನುಡಿಯೂ ಕೇಳುವವರ ವಿವೇಕವೂ

ಮುಂದೆ ಆಗತಕ್ಕದ್ದನ್ನು ಇಂದೇ ತಿಳಿದುಕೊಳ್ಳಬೇಕೆಂಬ ಆಸೆಯು ಮನುಷ್ಯನಲ್ಲಿ ಬಹು ಹಳೆಯದು. ಬಿತ್ತುವವನು ಮಳೆಯನ್ನು ಕೇಳುತ್ತಾನೆ. ಹೆಣ್ಣು ಕೊಡುವವನು ಜಾತಕವನ್ನು ಕೇಳುತ್ತಾನೆ. ರೋಗಿಯು ವೈದ್ಯನ ಮೋರೆಯನ್ನು ನೋಡುತ್ತಾನೆ. ಇವೆಲ್ಲ ತಂತಮ್ಮ ಮನೆಯ ಮಟ್ಟಿಗಿನ ಪ್ರಶ್ನೆಗಳು. ಇವನ್ನು ಮೀರಿದ ಇನ್ನೊಂದು ಪ್ರಶ್ನೆಯುಂಟು: ಈ ಲೋಕವೇ ಎಂದು ಮುಗಿಯುವದು? ಇದಕ್ಕೆ ಉತ್ತರ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು, ಕೇಳುವವರೂ ಇದ್ದರು. ಆದರೆ ಹಿಂದೆ ಹೇಳುವವನು ಊರಿಂದೂರಿಗೆ ನಡೆದು ಬಂದು, ಗುಡಿಯ ಕಟ್ಟೆಯ ಮೇಲೆ ಕುಳಿತು, ಕೇಳುವವರ ಮೋರೆಯನ್ನು ನೋಡಿ ಮಾತಾಡಬೇಕಾಗಿತ್ತು. ಇಂದು ಅವನು ಅಮೇರಿಕೆಯಲ್ಲಿ ಕುಳಿತು ನುಡಿದದ್ದು ದೂರದರ್ಶನದ ಮೂಲಕವೂ ಅಂಗೈಯೊಳಗಿನ ಮೊಬೈಲಿನ ಮೂಲಕವೂ ಗುಳೇದಗುಡ್ಡದ ನೇಕಾರನ ಪಡಸಾಲೆಯ ವರೆಗೆ ಬರುತ್ತದೆ. ಹೇಳಿದವನಿಗೆ ಕೇಳಿದವನ ಮೋರೆ ಕಾಣುವದಿಲ್ಲ. ಈ ಒಂದು ವ್ಯತ್ಯಾಸದಿಂದ ಹಳೆಯ ಪ್ರಶ್ನೆಯು ಹೊಸ ರೂಪವನ್ನು ತಾಳಿದೆಯಾದ್ದರಿಂದ, ಅದನ್ನು ಕುರಿತು ಸ್ವಲ್ಪ ವಿಚಾರ ಮಾಡುವದು ಅಪ್ರಸ್ತುತವಾಗಲಾರದು.

ನಾವು ಇಲ್ಲಿ ಮುಖ್ಯವಾಗಿ ಎತ್ತಿಕೊಂಡಿರುವದು ಕ್ರೈಸ್ತ ಪ್ರಸಂಗಿಗಳ ವಿಷಯ. ಬೈಬಲಿನ ದಾನಿಯೇಲನ ಗ್ರಂಥ, ಯೆಹೆಜ್ಕೇಲನ ಗ್ರಂಥ, ಕಡೆಯ ಭಾಗವಾದ ಪ್ರಕಟನೆ ಇವುಗಳಲ್ಲಿ ಬರುವ ಮೃಗ, ಕೊಂಬು, ಮುದ್ರೆ, ತುತೂರಿ ಮೊದಲಾದ ಸಂಕೇತಗಳನ್ನು ತೆಗೆದುಕೊಂಡು, ಅವನ್ನು ಅಂದಂದಿನ ವರ್ತಮಾನಕ್ಕೆ ಹೊಂದಿಸಿ, ಅಂತ್ಯಕಾಲವು ಬಾಗಿಲಿಗೆ ಬಂದಿದೆಯೆಂದು ಸಾರುವದು ಇವರ ಪದ್ಧತಿ. ಹಾಲ್ ಲಿಂಡ್ಸೇ ಎಂಬವರು 1970ರಲ್ಲಿ ಬರೆದ ಇಂಥ ಪುಸ್ತಕವೊಂದು ಕೋಟಿಗೂ ಮಿಕ್ಕಿ ಪ್ರತಿಗಳಲ್ಲಿ ಮಾರಾಟವಾಯಿತು. 1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಒಂದು ತಲೆಮಾರಿನೊಳಗೆ, ಎಂದರೆ ಸುಮಾರು 40 ವರ್ಷಗಳೊಳಗೆ, ಎಲ್ಲವೂ ನೆರವೇರಬಹುದೆಂಬ ಸೂಚನೆ ಅದರಲ್ಲಿತ್ತು. 1988 ಬಂತು, ಹೋಯಿತು. ಲಿಂಡ್ಸೇಯವರು ಮುಂದೆಯೂ ಬಹುವರ್ಷ ದೂರದರ್ಶನದಲ್ಲಿ ಪ್ರಸಂಗಿಸುತ್ತಲೇ ಇದ್ದು 2024ರಲ್ಲಿ ತೀರಿಕೊಂಡರು. 2020ರಲ್ಲಿ ತೀರಿಕೊಂಡ ಜಾಕ್ ವ್ಯಾನ್ ಇಂಪ್ ಅವರ ವಾರದ ಕಾರ್ಯಕ್ರಮದಲ್ಲಿ ಅವರ ಪತ್ನಿ ರೆಕ್ಸೆಲಾ ಅವರು ಒಂದೊಂದೇ ಸುದ್ದಿಯನ್ನು ಓದುವರು. ಪತಿಯು ಪುಸ್ತಕವನ್ನು ತೆರೆಯದೆಯೇ ಪ್ರತಿಯೊಂದಕ್ಕೂ ಬೈಬಲಿನ ವಚನಗಳನ್ನು ಅಧ್ಯಾಯಸಂಖ್ಯೆಯೊಡನೆ ಹೇಳುವರು. ಅವರನ್ನು ನಡೆದಾಡುವ ಬೈಬಲ್ ಎಂದೇ ಜನರು ಕರೆದರು. ಜಾನ್ ಹೇಗಿ ಎಂಬವರು 2014 ಮತ್ತು 2015ರಲ್ಲಿ ಸಾಲಾಗಿ ಬಂದ ನಾಲ್ಕು ಪೂರ್ಣ ಚಂದ್ರಗ್ರಹಣಗಳನ್ನು ಲೋಕವನ್ನೇ ನಡುಗಿಸುವ ಘಟನೆಯ ಸೂಚನೆಗಳೆಂದು ಸಾರಿದರು. ಗ್ರಹಣವು ಗಣಿತದಿಂದ ಬರುವದೆಂಬದು ಪಂಚಾಂಗ ನೋಡುವ ಪ್ರತಿಯೊಂದು ಮನೆಯವರಿಗೂ ಗೊತ್ತು. ಆದರೂ ಕೆಂಪಾದ ಚಂದ್ರನನ್ನು ಕಂಡ ಕಣ್ಣಿಗೆ ಗಣಿತವು ನೆನಪಾಗುವದು ಕಠಿಣ.

ಈ ಪ್ರಸಂಗಗಳನ್ನು ನೋಡುವವರಲ್ಲಿ ಅಭಿಪ್ರಾಯಗಳು ಒಂದೇ ಬಗೆಯಾಗಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ಪರಿಚಿತ ಮನೆಗಳಲ್ಲಿ ನಾವು ಕೇಳಿದ ಮಾತುಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಬಹುದು. ಮೊದಲನೆಯವರು ಇವರನ್ನು ಕೋಟೆಯ ಮೇಲಿನ ಕಾವಲುಗಾರರೆಂದು ಬಗೆಯುತ್ತಾರೆ. ನಿದ್ದೆ ಹೋದ ಊರನ್ನು ಎಬ್ಬಿಸುವವನ ಕೂಗು ಕರ್ಕಶವಾಗಿದ್ದರೇನು? ಎಬ್ಬಿಸಿದನಲ್ಲವೇ? ಎಂಬದು ಅವರ ವಾದ. ಎರಡನೆಯವರು ಇವರನ್ನು ವ್ಯಾಪಾರಿಗಳೆಂದು ತಿಳಿಯುತ್ತಾರೆ. ಭೀತಿಯು ಇವರ ಸರಕು. ನಾಳೆ ಲೋಕವು ಮುಗಿಯುವದಾದರೆ ಇಂದು ಕಾಣಿಕೆಯನ್ನು ಕಳಿಸಿರೆಂದು ಏಕೆ ಕೇಳಬೇಕು? ಎಂದು ಅವರು ನಗುತ್ತಾರೆ. ಮೂರನೆಯವರು ಇದನ್ನು ಬಯಲಾಟದಂತೆ ನೋಡಿ ಎದ್ದುಹೋಗುವವರು. ರಾಕ್ಷಸನ ವೇಷ ಚೆನ್ನಾಗಿತ್ತೆಂದು ಹೇಳಿ ಮಲಗುವರು. ನಾಲ್ಕನೆಯವರ ಮಾತು ಹೊರಗಿನವರ ಕಿವಿಗೆ ಬೀಳುವದು ಕಡಿಮೆ. ಅವರು ತಲೆಮಾರುಗಳಿಂದ ಕ್ರೈಸ್ತರಾಗಿದ್ದು ಇವರ ಪ್ರಸಂಗದಿಂದ ನೊಂದವರು. ಗುಳೇದಗುಡ್ಡದ ಇಂಥ ಒಬ್ಬ ಹಿರಿಯ ಗೃಹಸ್ಥರು ನಮಗೆ ಹೇಳಿದ್ದು ಹೀಗೆ: “ಮಾಸ್ತರ, ನಮ್ಮ ಸಭಾಪಾಲಕರು ವರ್ಷವೆಲ್ಲ ನೆರೆಯವನನ್ನು ಪ್ರೀತಿಸಿರಿ ಎಂದು ಹೇಳುತ್ತಾರೆ, ಕೇಳಲಿಕ್ಕೆ ನಾಲ್ಕು ಮಂದಿ ಮುದುಕರು. ಇವರು ಲೋಕ ಮುಗಿಯಿತು ಎಂದರೆ ಮನೆಯ ಮಂದಿಯೆಲ್ಲ ಕೂಡುತ್ತಾರೆ. ನಮ್ಮ ಧರ್ಮವೆಂದರೆ ಇಷ್ಟೇ ಎಂದು ನೀವೂ ತಿಳಿಯುತ್ತೀರಲ್ಲ, ಅದೇ ನಮಗೆ ದುಃಖ.”

ಈ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ನಟ್ಟಿತು. ಏಕೆಂದರೆ ಕ್ರೈಸ್ತರಲ್ಲದ ಮನೆಗಳಲ್ಲಿ ಈ ಪ್ರಸಂಗಗಳನ್ನು ನೋಡಿ ನಗುವವರು, ಅದೇ ದೂರದರ್ಶನದಲ್ಲಿ ಮುಂಜಾನೆ ನಮ್ಮವರೇ ಹೇಳುವ ರಾಶಿಫಲವನ್ನೂ ರಾಷ್ಟ್ರಭವಿಷ್ಯವನ್ನೂ ಕೈಮುಗಿದು ಕೇಳುವದನ್ನು ನಾವು ಕಂಡಿದ್ದೇವೆ. ತನ್ನದಕ್ಕೊಂದು ಸೇರು, ಪರರದಕ್ಕೊಂದು ಸೇರು ಇಟ್ಟುಕೊಂಡ ಅಂಗಡಿಕಾರನು ನ್ಯಾಯವಂತನಲ್ಲ. ವಿಚಾರಕ್ಕೆ ತೊಡಗುವ ಮೊದಲು ಅಳತೆಯು ಒಂದೇ ಆಗಿರತಕ್ಕದ್ದು.

ಹಾಗೆ ನೋಡಿದರೆ ಲೋಕಾಂತ್ಯದ ನುಡಿಯು ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ಇಲ್ಲಿಂದ ಬಹಳ ದೂರವಲ್ಲದ ಕೊಡೇಕಲ್ಲಿನ ಬಸವಣ್ಣನವರ ಕಾಲಜ್ಞಾನವು ಶತಮಾನಗಳಿಂದ ಜನರ ಬಾಯಲ್ಲಿದೆ. ಮುಂದೆ ಬರುವ ಕೇಡುಗಳು, ಆ ಬಳಿಕ ವೀರವಸಂತರಾಯನ ಬರವು, ಕಲ್ಯಾಣದ ಪುನಃಸ್ಥಾಪನೆ ಇವು ಕಾಲಜ್ಞಾನದ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಕಾರ್ಣಿಕವನ್ನು ನುಡಿಯುತ್ತಾನೆ; ಆ ಒಂದು ವಾಕ್ಯಕ್ಕೆ ರೈತನು ಮಳೆಯ ಅರ್ಥವನ್ನೂ ರಾಜಕಾರಣಿಯು ಪದವಿಯ ಅರ್ಥವನ್ನೂ ಹಚ್ಚುತ್ತಾರೆ. 1962ನೆಯ ಫೆಬ್ರುವರಿಯಲ್ಲಿ ಮಕರರಾಶಿಯಲ್ಲಿ ಎಂಟು ಗ್ರಹಗಳು ಕೂಡಿದಾಗ ದೇಶದ ತುಂಬ ಎಷ್ಟು ಯಜ್ಞಗಳಾದವು, ಎಷ್ಟು ತುಪ್ಪವು ಅಗ್ನಿಗೆ ಹೋಯಿತು ಎಂಬದನ್ನು ಹಿರಿಯರು ಹೇಳುತ್ತಿದ್ದರು. ಆ ಮೂರು ದಿನಗಳು ಕಳೆದವು. ನಾಲ್ಕನೆಯ ದಿನ ಎಂದಿನಂತೆ ಸೂರ್ಯನು ಮೂಡಿದನು. 2012ನೆಯ ಡಿಸೆಂಬರ 21ಕ್ಕೆ ಲೋಕವು ಮುಗಿಯುವದೆಂದು ಮಾಯಾ ಜನರ ಪಂಚಾಂಗದ ಹೆಸರಿನಲ್ಲಿ ಗದ್ದಲವೆದ್ದಾಗ ಅದು ಕನ್ನಡ ವಾರ್ತಾವಾಹಿನಿಗಳಿಗೂ ಆಹಾರವಾಯಿತು. ಆಗ ಹೆದರಿದವರು ಯಾವ ಒಂದು ಮತದವರೂ ಆಗಿರಲಿಲ್ಲ.

ಇದಕ್ಕಿಂತ ಕುತೂಹಲಕರವಾದ ಇನ್ನೊಂದು ಸಂಗತಿಯು ನಮ್ಮ ಪ್ರಾಂತದ ಚರಿತ್ರೆಯಲ್ಲಿದೆ. ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದರು. ಅವರು ಬಂದ ಕೆಲವೇ ವರ್ಷಗಳಲ್ಲಿ ಕಾಲಜ್ಞಾನವನ್ನು ನಂಬಿದ ಒಂದು ಪಂಥದವರು ತಾವಾಗಿಯೇ ಅವರ ಬಳಿಗೆ ಹೋದರು. ತಮ್ಮ ಗ್ರಂಥಗಳು ಹೇಳಿದ ಕಾಲವು ಬಂದಿತೆಂದೂ ಮುಂದೆ ಬರಬೇಕಾದ ಗುರುಗಳು ಇವರೇ ಇರಬಹುದೆಂದೂ ಅವರು ಭಾವಿಸಿದ್ದರು. ಪಾದ್ರಿಗಳಿಗೆ ಇದರಿಂದ ದೊಡ್ಡ ಆಸೆಯು ಹುಟ್ಟಿತು. ಗದಗಿನ ಹತ್ತರ ಮಲಸಮುದ್ರದಲ್ಲಿ 1841ರಲ್ಲಿ ಭೂಮಿಯನ್ನು ಪಡೆದು ಒಂದು ಒಕ್ಕಲುತನದ ನೆಲೆಯನ್ನು ಕಟ್ಟಿದರು. ಆದರೆ ಎರಡು ಕಡೆಯವರ ನಿರೀಕ್ಷೆಗಳು ಕೂಡಲಿಲ್ಲ. ಬರುವರೆಂದು ತಿಳಿದ ಜನಸಮೂಹವು ಬರಲಿಲ್ಲ. ಆ ಪ್ರಯತ್ನವು ಕೈಗೂಡಲಿಲ್ಲ. ಮುಂದೆ 1851ರಲ್ಲಿ ಗುಳೇದಗುಡ್ಡದಲ್ಲಿ ಮಿಶನ್ನಿನ ಠಾಣೆಯಾಯಿತು. ಅಲ್ಲಿ ಉಳಿದು ಬಂದದ್ದು ಯಾವ ಭವಿಷ್ಯದ ಬಲದಿಂದಲೂ ಅಲ್ಲ. ಶಾಲೆ, ಮಗ್ಗ, ರೋಗಿಗಳ ಆರೈಕೆ ಇಂಥ ದಿನದಿನದ ಕೆಲಸದಿಂದ. ವಿಚಿತ್ರವೇನೆಂದರೆ, ಮಲಸಮುದ್ರದ ನೆಲೆಯು ಕಟ್ಟಲ್ಪಟ್ಟ ಅದೇ ಕಾಲದಲ್ಲಿ ಅಮೇರಿಕೆಯಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತಪ್ರಸಂಗಿಯು ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ ಕ್ರಿಸ್ತನ ಪುನರಾಗಮನವನ್ನು ಸಾರುತ್ತಿದ್ದನು. ಅವನ ಅನುಯಾಯಿಗಳು ಕಡೆಗೆ 1844ನೆಯ ಅಕ್ಟೋಬರ 22ನ್ನು ಗೊತ್ತುಮಾಡಿದರು. ಕೆಲವರು ಬೆಳೆದು ನಿಂತ ಬೆಳೆಯನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು. ಮರುದಿನ ಬೆಳಗಾಯಿತು. ಆ ಬೆಳಗಿನ ಅಳುವನ್ನು ಅಲ್ಲಿಯ ಚರಿತ್ರಕಾರರು ಮಹಾನಿರಾಶೆಯೆಂದು ಕರೆದಿದ್ದಾರೆ. ಗದಗಿನ ಸೀಮೆಗೂ ಅಮೇರಿಕೆಗೂ ನಡುವೆ ಎಷ್ಟು ಸಮುದ್ರಗಳಿದ್ದರೂ ಮನುಷ್ಯನ ಆಶೆಯ ರೀತಿಯು ಒಂದೇ.

ಇನ್ನು ಇಂಥ ನುಡಿಗಳ ಯೋಗ್ಯತೆಯನ್ನು ಅಳೆಯುವ ಬಗೆ ಹೇಗೆ? ಎಲ್ಲರಿಗೂ ತಟ್ಟನೆ ತೋಚುವ ಅಳತೆಯು ಒಂದೇ: ನುಡಿದದ್ದು ನಡೆಯಿತೋ ಇಲ್ಲವೋ? ನಡೆದರೆ ಸತ್ಯ, ನಡೆಯದಿದ್ದರೆ ಸುಳ್ಳು. ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಪ್ರಸಂಗಿಯು 2011ನೆಯ ಮೇ 21ರ ದಿನವನ್ನು ಹೇಳಿದನು. ನಂಬಿದ ಕೆಲವರು ಕೂಡಿಟ್ಟ ಹಣವನ್ನೆಲ್ಲ ಆ ವಾರ್ತೆಯ ಫಲಕಗಳಿಗಾಗಿ ಸುರಿದರು. ಆ ದಿನವು ತಪ್ಪಿತು. ಅಕ್ಟೋಬರ 21 ಎಂದನು, ಅದೂ ತಪ್ಪಿತು. 2012ರಲ್ಲಿ ಅವನು ದಿನ ಗೊತ್ತುಮಾಡುವದೇ ಪಾಪವೆಂದು ಬಹಿರಂಗವಾಗಿ ಒಪ್ಪಿಕೊಂಡನು. ಆ ಒಪ್ಪಿಗೆಯು ಅವನಿಗೆ ಭೂಷಣವೇ ಸರಿ. ಹೀಗೆ ಒಪ್ಪಿಕೊಂಡವರು ಬಹಳ ಮಂದಿಯಿಲ್ಲ. ಆದರೆ ಹಣವು ಮರಳಲಿಲ್ಲ. ಈ ಅಳತೆಯಿಂದ ನೋಡಿದರೆ ವಿಷಯವು ಮುಗಿದಂತೆಯೇ.

ನಮ್ಮ ಅಭಿಪ್ರಾಯದಲ್ಲಿ ಈ ಅಳತೆಯು ಸಾಲದು. ಮೊದಲನೆಯದಾಗಿ, ಜಾಣನಾದ ಪ್ರಸಂಗಿಯು ದಿನವನ್ನು ಹೇಳುವದೇ ಇಲ್ಲ. ಬೇಗನೆ, ನಮ್ಮ ಕಾಲದಲ್ಲಿಯೇ, ಸೂಚನೆಗಳು ಕೂಡಿಬಂದಿವೆ ಎಂದಷ್ಟೇ ಹೇಳುತ್ತಾನೆ. ಅವನ ನುಡಿಯು ಎಂದಿಗೂ ತಪ್ಪಲಾರದು, ಏಕೆಂದರೆ ಅದು ಏನನ್ನೂ ಹೇಳಿಯೇ ಇಲ್ಲ. ಎರಡನೆಯದು ಇನ್ನೂ ಗಹನವಾದದ್ದು. ನಡೆಯದೆ ಹೋದ ಭವಿಷ್ಯವೆಲ್ಲ ನಿರರ್ಥಕವಲ್ಲ. ನಡೆದ ಭವಿಷ್ಯವೆಲ್ಲ ಸಾರ್ಥಕವೂ ಅಲ್ಲ. ಇದಕ್ಕೆ ಬೈಬಲಿನಲ್ಲಿಯೇ ಒಂದು ಸುಂದರವಾದ ಉಪಾಖ್ಯಾನವುಂಟು. ಯೋನನೆಂಬ ಪ್ರವಾದಿಯು ನಿನೆವೆಯೆಂಬ ಮಹಾನಗರಕ್ಕೆ ಹೋಗಿ, 40 ದಿನಗಳಲ್ಲಿ ಈ ಪಟ್ಟಣವು ಹಾಳಾಗುವದೆಂದು ದೇವರಾಜ್ಞೆಯಂತೆ ಸಾರಿದನು. ರಾಜನು ಸಿಂಹಾಸನದಿಂದಿಳಿದು ಗೋಣಿತಟ್ಟನ್ನುಟ್ಟನು. ಪ್ರಜೆಗಳು ದುರ್ಮಾರ್ಗವನ್ನು ಬಿಟ್ಟರು. ದೇವರು ಪಟ್ಟಣವನ್ನು ಉಳಿಸಿದನು. ಎಂದರೆ ಯೋನನು ನುಡಿದದ್ದು ನಡೆಯಲಿಲ್ಲ. ಆಗ ಯೋನನು ಸಂತೋಷಪಟ್ಟನೇ? ಇಲ್ಲ, ಸಿಟ್ಟಿಗೆದ್ದನು. ಊರ ಹೊರಗೆ ಕುಳಿತು, ತನಗೆ ನೆರಳು ಕೊಟ್ಟಿದ್ದ ಬಳ್ಳಿಯು ಬಾಡಿದ್ದಕ್ಕಾಗಿ ಮರುಗಿದನು. ನೀನು ನೆಡದ ಬಳ್ಳಿಗಾಗಿ ನೀನು ಮರುಗುವದಾದರೆ, ಲಕ್ಷಕ್ಕೂ ಮಿಕ್ಕಿದ ಮಕ್ಕಳಂಥ ಜನರೂ ದನಗಳೂ ಇರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂಬ ಭಾವದ ಪ್ರಶ್ನೆಯನ್ನು ದೇವರು ಅವನಿಗೆ ಹಾಕುವಲ್ಲಿಗೆ ಕಥೆಯು ಮುಗಿಯುತ್ತದೆ. ಯೋನನ ಉತ್ತರವನ್ನು ಗ್ರಂಥವು ಹೇಳುವದಿಲ್ಲ.

ಈ ಕಥೆಯಿಂದ ನಮಗೆ ದೊರೆಯುವ ಅಳತೆಯೇ ಬೇರೆ. ಕೇಡನ್ನು ಮುಂತಿಳಿಸುವವನು ತನ್ನ ನುಡಿಯು ಸುಳ್ಳಾಗಲೆಂದು ಹಾರೈಸುವನೋ ನಿಜವಾಗಲೆಂದು ಹಾರೈಸುವನೋ? ಇದನ್ನು ನೋಡಬೇಕು. ಬಾವಿಯ ಕಡೆಗೆ ಓಡುವ ಕೂಸನ್ನು ಕಂಡು ಬೀಳುತ್ತೀ ಎಂದು ಕೂಗುವ ತಾಯಿಯು ಭವಿಷ್ಯವನ್ನೇ ನುಡಿಯುತ್ತಾಳೆ. ಅದು ಸುಳ್ಳಾಗಲೆಂಬದೇ ಅವಳ ಪ್ರಾಣ. ಕುಡಿತವನ್ನು ಬಿಡದಿದ್ದರೆ ಎರಡು ವರ್ಷವೂ ಬದುಕಲಾರೆ ಎನ್ನುವ ವೈದ್ಯನು ಇಪ್ಪತ್ತು ವರ್ಷದ ಮೇಲೆ ಅದೇ ರೋಗಿಯನ್ನು ಪೇಟೆಯಲ್ಲಿ ಕಂಡರೆ ನಾಚುವದಿಲ್ಲ, ಹಿಗ್ಗುತ್ತಾನೆ. 2019ನೆಯ ಆಗಸ್ಟದಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ವರೆಗೆ ನೀರು ನುಗ್ಗಿದಾಗ, ಮನೆ ಬಿಡಿರೆಂದು ಹೊಳೆಯ ದಂಡೆಯ ಊರುಗಳಲ್ಲಿ ಕೂಗಿದವರಿಗೆ ಆ ಮನೆಗಳು ಬೀಳಲೆಂಬ ಆಸೆಯಿರಲಿಲ್ಲ. ಇವರೆಲ್ಲರ ನುಡಿಯು ಎಚ್ಚರಿಕೆ. ಇದಕ್ಕೆ ವಿರುದ್ಧವಾಗಿ, ತಾನು ಹೇಳಿದ ಕೇಡು ಬಂದಿತೆಂದು ಮನಸ್ಸಿನಲ್ಲಿ ಹಿಗ್ಗುವವನ ನುಡಿಯು ಪಣ ಕಟ್ಟಿದವನ ನುಡಿ. ಹೊರಗಿನ ಮಾತು ಎರಡರದೂ ಒಂದೇ ಇರಬಹುದು. ಒಳಗಿನ ಹಾರೈಕೆಯು ಬೇರೆ ಬೇರೆ.

ನಮ್ಮ ಭಾರತದಲ್ಲಿ ವಿದುರನು ಇಂಥ ಎಚ್ಚರಿಕೆಯ ಮೂರ್ತಿ. ಕುಲನಾಶವಾಗುವದೆಂದು ಅವನು ಧೃತರಾಷ್ಟ್ರನಿಗೆ ಒಂದು ಸಲವಲ್ಲ, ದುರ್ಯೋಧನನು ಹುಟ್ಟಿದಂದಿನಿಂದ ಯುದ್ಧದ ಹಿಂದಿನ ರಾತ್ರಿಗಳ ವರೆಗೆ ಹೇಳುತ್ತ ಬಂದನು. ಅವನು ನುಡಿದದ್ದೆಲ್ಲ ಅಕ್ಷರಶಃ ನಡೆಯಿತು. ಆದರೆ ಸ್ತ್ರೀಪರ್ವದಲ್ಲಿ ನಾವು ಕಾಣುವ ವಿದುರನು ತನ್ನ ಮಾತು ಗೆದ್ದಿತೆಂದು ಬೀಗುವವನಲ್ಲ. ಮಕ್ಕಳನ್ನೆಲ್ಲ ಕಳಕೊಂಡ ಕುರುಡನನ್ನು ಸಂತೈಸಲು ಹತ್ತಿರ ಕುಳಿತವನು. ಶ್ರೀಕೃಷ್ಣನಾದರೂ ಯುದ್ಧವು ತಪ್ಪದೆಂದು ಬಲ್ಲವನಾಗಿಯೂ ಸಂಧಿಗಾಗಿ ಹಸ್ತಿನಾವತಿಗೆ ಹೋದನಲ್ಲವೇ? ಬರುವದನ್ನು ಬಲ್ಲವನಿಗೂ ಅದನ್ನು ತಪ್ಪಿಸುವ ಯತ್ನದಿಂದ ಬಿಡುಗಡೆಯಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು, ಅದು ದುರ್ಬಲವಾದದ್ದೂ ಅಲ್ಲ. ಭಕ್ತನಾದ ಕ್ರೈಸ್ತನಿಗೆ ಅಂತ್ಯವೆಂದರೆ ಕೇವಲ ನಾಶವಲ್ಲ. ತನ್ನ ಸ್ವಾಮಿಯ ಬರವು, ನ್ಯಾಯದ ಸ್ಥಾಪನೆ, ಕಣ್ಣೀರಿನ ಕೊನೆ. ಕಾಲಜ್ಞಾನಿಗೆ ಅಮರಕಲ್ಯಾಣವು ಹೇಗೋ ಹಾಗೆ. ಹೀಗಿರಲು ಅದು ಸುಳ್ಳಾಗಲೆಂದು ಅವನು ಏಕೆ ಹಾರೈಸಬೇಕು? ಗಂಡನ ಬರವನ್ನು ಕಾಯುವ ಹೆಂಡತಿಯು ಅವನು ಬರದಿರಲೆಂದು ಬೇಡುವಳೇ? ಇದಕ್ಕೆ ಉತ್ತರವೇನೆಂದರೆ, ಬರವಿನ ಸಂತೋಷವು ಬೇರೆ, ನೆರೆಯವನ ನಾಶದ ಸಂತೋಷವು ಬೇರೆ. ಈ ಎರಡನ್ನೂ ಬೇರ್ಪಡಿಸುವ ವಿವೇಕವನ್ನು ಆ ಮತದ ಗ್ರಂಥವೇ ಕಲಿಸುತ್ತದೆ. ಸೊದೋಮ್ ಪಟ್ಟಣವು ನಾಶವಾಗುವದೆಂದು ತಿಳಿದಾಗ ಅಬ್ರಹಾಮನು ದೇವರೊಡನೆ ಚೌಕಾಸಿಗೆ ನಿಂತನು: ಅಲ್ಲಿ ಐವತ್ತು ಮಂದಿ ಸಜ್ಜನರಿದ್ದರೆ? ನಲವತ್ತೈದು ಇದ್ದರೆ? ಹೀಗೆ ಹತ್ತರ ವರೆಗೆ ಇಳಿದನು. ಯೆರೂಸಲೇಮಿನ ಹಾಳಾಗುವಿಕೆಯನ್ನು ಮುಂತಿಳಿಸುವ ಹೊತ್ತಿಗೆ ಯೇಸುಸ್ವಾಮಿಯು ಆ ಪಟ್ಟಣವನ್ನು ನೋಡಿ ಅತ್ತನೆಂದು ಲೂಕನ ಸುವಾರ್ತೆಯು ಹೇಳುತ್ತದೆ. ಆ ದಿನವಾಗಲಿ ಗಳಿಗೆಯಾಗಲಿ ತಂದೆಗೊಬ್ಬನಿಗೇ ಗೊತ್ತು, ತನಗೂ ಗೊತ್ತಿಲ್ಲವೆಂದು ಅವನೇ ಹೇಳಿದನೆಂದು ಮತ್ತಾಯನ ಸುವಾರ್ತೆಯಲ್ಲಿದೆ. ಆದುದರಿಂದ ನಮ್ಮ ಅಳತೆಯು ಹೊರಗಿನವರು ಆ ಮತದ ಮೇಲೆ ಹೇರಿದ್ದಲ್ಲ. ಅದು ಅವರ ಮನೆಯದೇ. ಯಾವದೋ ದೇಶದಲ್ಲಿ ಬಾಂಬುಗಳು ಬಿದ್ದ ಸುದ್ದಿಯನ್ನು ಓದುವಾಗ ಪ್ರಸಂಗಿಯ ಮೋರೆಯು ಬಾಡುವದೋ ಅರಳುವದೋ ಎಂಬದನ್ನು ನೋಡುವವರು ತಾವೇ ನೋಡಿಕೊಳ್ಳಲಿ. ಹಿಂದೆ ಹೇಳುವವನು ಕೇಳುವವರ ಮೋರೆಯನ್ನು ನೋಡುತ್ತಿದ್ದನು. ಇಂದು ಆ ಕೆಲಸವು ಕೇಳುವವರ ಪಾಲಿಗೆ ಬಂದಿದೆ.

ಮೊದಲನೆಯ ಗುಂಪಿನವರ ವಾದಕ್ಕೂ ಇಲ್ಲಿ ಸಮಾಧಾನ ಹೇಳತಕ್ಕದ್ದು. ಇಂಥ ಪ್ರಸಂಗವನ್ನು ಕೇಳಿ ಒಬ್ಬನು ಕುಡಿತವನ್ನು ಬಿಟ್ಟನು, ಇನ್ನೊಬ್ಬನು ಅಣ್ಣನೊಡನಿದ್ದ ಹೊಲದ ವ್ಯಾಜ್ಯವನ್ನು ತೀರಿಸಿಕೊಂಡನು ಎಂಬ ಮಾತುಗಳನ್ನು ನಾವು ಕೇಳಿದ್ದೇವೆ; ಅವನ್ನು ಸುಳ್ಳೆನ್ನಲು ಕಾರಣವಿಲ್ಲ. ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿ ಮತ್ತು ಅರ್ಥವಾದ ಎಂಬ ಭೇದವನ್ನು ಮಾಡುತ್ತಾರೆ. ಇದನ್ನು ಮಾಡು, ಇದನ್ನು ಬಿಡು ಎಂಬದು ವಿಧಿನಿಷೇಧ. ಮಾಡಿದವನ ಸುಖವನ್ನೂ ಮಾಡದವನ ದುರ್ಗತಿಯನ್ನೂ ಬಣ್ಣಿಸುವದು ಅರ್ಥವಾದ. ಅರ್ಥವಾದಕ್ಕೆ ತಾನೇ ತಾನಾಗಿ ಪ್ರಾಮಾಣ್ಯವಿಲ್ಲ. ಅದು ವಿಧಿಯೊಡನೆ ಕೂಡಿದಾಗಲೇ ಸಾರ್ಥಕ. ಈ ನ್ಯಾಯವನ್ನು ಇಲ್ಲಿಗೆ ಹಚ್ಚಿದರೆ ತೊಡಕು ಬಿಡುತ್ತದೆ. ಮೃಗ, ಮುದ್ರೆ, ಬೆಂಕಿಯ ಮಳೆ ಇವೆಲ್ಲ ಅರ್ಥವಾದ. ಇವುಗಳ ಕಡೆಗೆ ಯಾವ ವಿಧಿಯು ನಿಂತಿದೆ? ಕುಡಿತವನ್ನು ಬಿಡು, ಅಣ್ಣನನ್ನು ಕ್ಷಮಿಸು ಎಂಬ ವಿಧಿಯಿದ್ದರೆ ಆ ಭಯಾನಕ ವರ್ಣನೆಯೂ ಸಾರ್ಥಕವೇ. ನಾವು ತಕರಾರು ಮಾಡೆವು. ಕಾಣಿಕೆ ಕಳಿಸು, ಇಂಥ ದೇಶದವರನ್ನು ದ್ವೇಷಿಸು, ಪಕ್ಕದ ಮನೆಯವನು ನರಕಕ್ಕೆ ಹೋಗುವನೆಂದು ತಿಳಿ ಎಂಬದೇ ವಿಧಿಯಾದರೆ ಅದು ಎಷ್ಟು ಗ್ರಂಥಾಧಾರಗಳೊಡನೆ ಬಂದರೂ ತ್ಯಾಜ್ಯ. ಯಾವ ವಿಧಿಯೂ ಇಲ್ಲದೆ ಬರಿಯ ನಡುಕವೇ ಉಳಿದರೆ ಅದು ಮೂರನೆಯ ಗುಂಪಿನವರು ಹೇಳಿದ ಬಯಲಾಟ.

ಎರಡನೆಯ ಗುಂಪಿನವರ ನಗುವಿಗೂ ಒಂದು ಮಾತು. ಕಾಣಿಕೆಯನ್ನು ಕೇಳಿದ ಮಾತ್ರಕ್ಕೆ ಕಪಟಿಯೆನ್ನಲಾಗದು. ಗುಡಿಗೂ ಮಠಕ್ಕೂ ಇಗರ್ಜಿಗೂ ಎಣ್ಣೆಬತ್ತಿಯ ಖರ್ಚಿರುತ್ತದೆ. ನೋಡತಕ್ಕದ್ದು, ಬೇಡಿದ್ದು ಏನು, ಲಾಭವು ಯಾರಿಗೆ ಎಂಬದನ್ನು. ಇಳಕಲ್ಲಿನ ಮಠದ ಮಹಾಂತಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟರು. ಅವರು ಬೇಡಿದ್ದು ಜೋಳವನ್ನಲ್ಲ, ಹಣವನ್ನಲ್ಲ. ಕುಡಿತ, ತಂಬಾಕು, ಜೂಜುಗಳಂಥ ದುರ್ವ್ಯಸನಗಳನ್ನು ನನ್ನ ಜೋಳಿಗೆಗೆ ಹಾಕಿರೆಂದು ಮನೆಮನೆಗೂ ಕೇಳಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಜೋಳಿಗೆಯಲ್ಲಿ ಲೋಕಾಂತ್ಯದ ಬೆದರಿಕೆ ಇರಲಿಲ್ಲ. ಕೊಟ್ಟವನ ಮನೆಯಲ್ಲಿಯೇ ಲಾಭವು ಉಳಿಯುವಂಥ ದಾನವದು. ಇಂಥ ಉದಾಹರಣೆಯು ಕಣ್ಣ ಮುಂದಿರುವ ಜಿಲ್ಲೆಯವರಿಗೆ ಬೇರೆಯವರ ಬೇಡಿಕೆಯನ್ನು ತೂಗುವದು ಕಷ್ಟವಾಗಬಾರದು.

ಅಂತ್ಯವನ್ನು ನೆನೆದವನ ಕೈ ಏನು ಮಾಡಬೇಕೆಂಬದು ಇನ್ನುಳಿದ ಪ್ರಶ್ನೆ. ಥೆಸಲೋನಿಕದ ಸಭೆಯಲ್ಲಿ ಕೆಲವರು ಕೆಲಸವನ್ನು ಬಿಟ್ಟು ಪರರ ಉಸಾಬರಿಯಲ್ಲಿ ತಿರುಗಹತ್ತಿದರು. ಸ್ವಾಮಿಯ ದಿನವು ಬಂದೇಬಿಟ್ಟಿತೆಂಬ ಗಾಳಿಮಾತೂ ಆ ಸಭೆಯಲ್ಲಿ ಹಬ್ಬಿತ್ತು. ಪೌಲನು ಅವರಿಗೆ ಬರೆದ ಪತ್ರದಲ್ಲಿ ಗಾಳಿಮಾತಿಗೆ ಕದಲಬೇಡಿರೆಂದು ಹೇಳಿ, ದುಡಿಯಲೊಲ್ಲದವನಿಗೆ ಉಣ್ಣುವ ಹಕ್ಕಿಲ್ಲವೆಂಬ ಅರ್ಥದ ಕಟ್ಟಪ್ಪಣೆಯನ್ನು ವಿಧಿಸಿದನು. ಗುಳೇದಗುಡ್ಡದ ಖಣ ನೇಯುವವನಿಗೂ ಇಳಕಲ್ಲಿನ ಸೀರೆ ನೇಯುವವನಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಮಗ್ಗದ ಮೇಲೆಯೇ ಒಂದೊಂದಾಗಿ ಜೋಡಿಸಿರುತ್ತಾರೆ. ಸೆರಗು ಬರುವದೆಂದು ನೇಕಾರನಿಗೆ ಗೊತ್ತು. ಎಲ್ಲಿ ಬರುವದೆಂದೂ ಗೊತ್ತು. ಆದರೆ ಅವನ ಕಣ್ಣು ಈಗ ಹಾಯುವ ಲಾಳಿಯ ಮೇಲಿರುತ್ತದೆ.

ನಿಜವಾದ ಒಂದು ಅಂತ್ಯವನ್ನು ನಮ್ಮ ಜಿಲ್ಲೆಯವರು ಕಣ್ಣಾರೆ ಕಂಡಿದ್ದಾರೆ. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದಾಗಲೇ ಹಳೆಯ ಬಾಗಲಕೋಟೆಯ ಬಹುಭಾಗಕ್ಕೂ ಕೃಷ್ಣೆ, ಘಟಪ್ರಭೆಗಳ ದಂಡೆಯ ಅನೇಕ ಹಳ್ಳಿಗಳಿಗೂ ಮುಳುಗಡೆಯ ಭವಿಷ್ಯವು ಬರೆದಾಗಿತ್ತು. ಆ ಭವಿಷ್ಯವನ್ನು ಹೇಳಿದವರು ನೀರಿನ ಮಟ್ಟವನ್ನು ಮೀಟರಿನಲ್ಲಿ ಬರೆದರು, 519.60 ಎಂದು ಅಂಕೆಯನ್ನಿಟ್ಟರು. ಅದರ ಕೆಳಗೆ ಸಹಿ ಮಾಡಿದರು. ಆ ಲೆಕ್ಕವು ತಪ್ಪಿದರೆ ಯಾರನ್ನು ಕೇಳಬೇಕೆಂಬದು ಜನರಿಗೆ ಗೊತ್ತಿತ್ತು. ಪರಿಹಾರದ ವ್ಯಾಜ್ಯಗಳೂ ಅಳುವೂ ಇಲ್ಲದೆ ಆ ಕಾಲವು ಕಳೆಯಲಿಲ್ಲ. ಆದರೂ ಜನರು ಬಾಗಿಲು, ತೊಲೆಗಳನ್ನು ಕಿತ್ತು ಹೊತ್ತು ತಂದರು, ದೇವರನ್ನು ಕರೆತಂದರು, ನವನಗರದಲ್ಲಿ ಮತ್ತೆ ಒಲೆ ಹೂಡಿದರು. ಅಂತ್ಯವನ್ನು ನುಡಿಯುವವನು ಅಂಕೆಯನ್ನು ಕೊಡಲಿ, ಸಹಿ ಮಾಡಲಿ, ಆಮೇಲೆ ಎಲ್ಲಿ ಒಲೆ ಹೂಡಬೇಕೆಂಬದನ್ನೂ ಹೇಳಲಿ ಎಂದು ಮುಳುಗಡೆಯ ಊರಿನವರು ಕೇಳಿದರೆ ಅದು ನಾಸ್ತಿಕತೆಯಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳು ಇಂಥ ಪ್ರಸಂಗಗಳನ್ನು ನೋಡುವದನ್ನು ತಡೆಯಲಾಗದು. ತಡೆದರೆ ಮರೆಯಲ್ಲಿ ನೋಡುವರು. ಅವರ ಪಕ್ಕದಲ್ಲಿ ಕುಳಿತು, ಇವನು ಏನನ್ನು ಮಾಡೆನ್ನುತ್ತಾನೆ, ತನ್ನ ಮಾತು ಸುಳ್ಳಾದರೆ ಇವನು ನಗುವನೇ ಅಳುವನೇ ಎಂದು ಕೇಳುವದಷ್ಟೇ ಹಿರಿಯರ ಕೆಲಸ. ಇದೇ ಪ್ರಶ್ನೆಯನ್ನು ಮುಂಜಾನೆಯ ಜ್ಯೋತಿಷಿಯ ವಿಷಯದಲ್ಲಿಯೂ ಕೇಳತಕ್ಕದ್ದು. ನಮ್ಮ ಸಂಕಲ್ಪದ ಲೆಕ್ಕದಂತೆ ನಾವಿನ್ನೂ 4,32,000 ವರ್ಷಗಳ ಕಲಿಯುಗದ ಮೊದಲನೆಯ ಪಾದದಲ್ಲಿಯೇ ಇದ್ದೇವೆ. ದಿನವೂ ಇದನ್ನು ಬಾಯಿಂದ ಹೇಳಿ, ಸಂಜೆಗೆ ಪ್ರಳಯದ ವಾರ್ತೆಗೆ ನಡುಗುವದು ವಿದ್ಯಾವಂತರಿಗೆ ಶೋಭಿಸದು. ಗುಳೇದಗುಡ್ಡದ ಆ ಹಿರಿಯರ ಧರ್ಮವನ್ನು ಅಮೇರಿಕೆಯ ಪ್ರಸಂಗಿಯ ಧ್ವನಿಯಿಂದ ಅಳೆಯುವದೂ ಶೋಭಿಸದು. ಅದನ್ನು ಅಳೆಯಬೇಕಾದದ್ದು ಅವರ ಓಣಿಯಲ್ಲಿ ಅವರು ಬಾಳಿದ ಬಾಳಿನಿಂದ.

ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ರವಿಕೀರ್ತಿಯು ತನ್ನ ಕಾಲವನ್ನು ಎಣಿಸಿದ್ದಾನೆ. ಭಾರತಯುದ್ಧವಾಗಿ 3735 ವರ್ಷಗಳು ಕಳೆದವು, ಶಕವರ್ಷ 556 ಕಳೆದವು ಎಂದು ಅವನ ಲೆಕ್ಕ. ಅದು ಕ್ರಿಸ್ತಶಕ 634. ಅವನಿಗೂ ತಾನು ಕಲಿಯುಗದಲ್ಲಿರುವೆನೆಂಬ ಅರಿವಿತ್ತು; ಹಾಗೆಂದು ಶಾಸನದಲ್ಲಿ ಬರೆದೂ ಇದ್ದಾನೆ. ಆದರೆ ಕಳೆದ ವರ್ಷಗಳನ್ನು ಎಣಿಸಿದ ಆ ಕವಿಯು ಉಳಿದ ವರ್ಷಗಳನ್ನು ಎಣಿಸಲು ಹೋಗಲಿಲ್ಲ. ಕಲ್ಲಿನ ಜಿನಾಲಯವನ್ನು ಕಟ್ಟಿಸಿದೆನೆಂದು ಮಾತ್ರ ಬರೆಯಿಸಿದನು.